ಪಾಸ್‌ವರ್ಡ್ ಕೇಳುತ್ತಿರುವುದು ಯಾರು?

ಲ್ಯಾಪ್‌ಟಾಪ್ ಆನ್ ಮಾಡುತ್ತೇನೆ. ಕಂಪನಿಯ ಲೋಗೋ ಬರುತ್ತದೆ, ಹೋಗುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು: ಡಿಸ್ಕ್‌ನ ಪಾಸ್‌ವರ್ಡ್ ಕೊಡಿ. ಹತ್ತಿರ ಹತ್ತಿರ ಆರು ವರ್ಷದಿಂದ ದಿನಾ ಬೆಳಿಗ್ಗೆ ಕೊಡುತ್ತಾ ಬಂದಿದ್ದೇನೆ. ಕೇಳುತ್ತಿರುವುದು ಯಾರು ಅಂತ ಮಾತ್ರ ಒಮ್ಮೆಯೂ ವಿಚಾರಿಸಿರಲಿಲ್ಲ.

ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಇನ್ನೇನು ಭಯ ಅನ್ನುವ ನೆಮ್ಮದಿ ಇತ್ತು. ಆದರೆ ಸ್ವಲ್ಪ ಯೋಚಿಸಿ. ಎಲ್ಲವೂ ಬೀಗದೊಳಗೆ ಇದ್ದರೆ, ಬೀಗದ ಕೈ ಕೇಳುವ ಪ್ರೋಗ್ರಾಂ ಎಲ್ಲಿಂದ ಬಂತು? ಅದೂ ಡಿಸ್ಕ್‌ನಲ್ಲೇ ಇರಬೇಕಲ್ವಾ? ಇದೆ. ಬೀಗದ ಹೊರಗೆ.

ಒಂದು ಭಾನುವಾರ ಇದನ್ನು ಕಣ್ಣಾರೆ ನೋಡೋಣ ಅಂತ ಕೂತೆ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ. ಇನ್ನೊಂದು ಲಿನಕ್ಸ್ ಇದ್ದ ಪೆನ್‌ಡ್ರೈವ್ ಚುಚ್ಚಿ, ಅದರಿಂದಲೇ ಲ್ಯಾಪ್‌ಟಾಪ್ ಬೂಟ್ ಮಾಡಿದೆ. ನನ್ನ ಫೈಲುಗಳಿರುವ ಪಾರ್ಟಿಷನ್, ಅಂದರೆ ಡಿಸ್ಕ್‌ನ ಭಾಗ, ಮುಟ್ಟಲು ಹೋದರೆ ಪಾಸ್‌ವರ್ಡ್ ಕೇಳಿತು, ಸರಿ. ಪಕ್ಕದಲ್ಲೇ ಇದ್ದ ಬೂಟ್ ಪಾರ್ಟಿಷನ್ ಮಾತ್ರ ಏನೂ ಕೇಳದೆ ತೆರೆದುಕೊಂಡಿತು. ಒಳಗೆ ಎರಡು ಮುಖ್ಯ ಫೈಲು. ಒಂದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಇನ್ನೊಂದು ಇನಿಟ್‌ಆರ್‌ಡಿ. ಇದೊಂದು ಗಂಟು. ಡಿಸ್ಕ್ ತೆರೆಯುವ ತನಕ ಬೇಕಾಗುವ ಪುಟ್ಟ ಪುಟ್ಟ ಸಾಮಾನೆಲ್ಲ ಇದರಲ್ಲಿ ಕಟ್ಟಿಟ್ಟಿರುತ್ತದೆ. ನನ್ನ ಪಾಸ್‌ವರ್ಡ್ ಕೇಳುವ ಸ್ಕ್ರಿಪ್ಟ್ ಕೂಡ ಇಲ್ಲೇ ಇದೆ.

ಗಂಟು ಬಿಚ್ಚಿದೆ. ಆ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಸೇರಿಸಿದೆ: 'ನಮಸ್ಕಾರ' ಅಂತ ತೋರಿಸು. ಇಂಗ್ಲಿಷ್ ಅಕ್ಷರದಲ್ಲೇ ಬರೆದೆ, ಯಾಕೆಂದರೆ ಅಷ್ಟು ಬೇಗ ಎದ್ದ ಕಂಪ್ಯೂಟರ್‌ಗೆ ಕನ್ನಡ ಬಿಡಿಸಲು ಫಾಂಟ್ ಇರುವುದಿಲ್ಲ. ಮತ್ತೆ ಗಂಟು ಕಟ್ಟಿ, ಅದೇ ಜಾಗದಲ್ಲಿಟ್ಟು, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ. ನನ್ನ ಲ್ಯಾಪ್‌ಟಾಪ್ ನನಗೆ ನಮಸ್ಕಾರ ಹೇಳಿ ಎಂದಿನಂತೆ ಪಾಸ್‌ವರ್ಡ್ ಕೇಳಿತು. ಇಪ್ಪತ್ತು ನಿಮಿಷದ ಕೆಲಸ. ಯಂತ್ರ ಏಳುವಾಗಲೇ ಪ್ರೋಗ್ರಾಂಗಳನ್ನು ತಪಾಸಣೆ ಮಾಡುವ ಸೆಕ್ಯೂರ್ ಬೂಟ್ ಆನ್ ಇತ್ತು, ಆಫ್ ಮಾಡಿರಲಿಲ್ಲ.

ನಮಸ್ಕಾರದ ಬದಲು ಆ ಸಾಲು 'ಪಾಸ್‌ವರ್ಡ್ ಒಂದು ಕಡೆ ಬರೆದಿಡು' ಅಂತ ಇದ್ದಿದ್ದರೆ? ಇದು ಹೊಸ ಯೋಚನೆ ಅಲ್ಲ. ಪೋಲೆಂಡ್‌ನ ಸಂಶೋಧಕಿ ಜೋವಾನಾ ರುಟ್ಕೋವ್ಸ್ಕಾ 2009ರಲ್ಲೇ ಇದನ್ನು ಮಾಡಿ ತೋರಿಸಿ, 'ಈವಿಲ್ ಮೇಡ್', ಅಂದರೆ ಕೆಟ್ಟ ಕೆಲಸದಾಕೆ, ಅಂತ ಹೆಸರಿಟ್ಟರು. ಹೋಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ತಿಂಡಿಗೆ ಹೋಗುತ್ತೀರಿ. ರೂಮ್ ಗುಡಿಸಲು ಬಂದವರ ವೇಷದಲ್ಲಿ ಯಾರೋ ಎರಡು ನಿಮಿಷ ಅದನ್ನು ಮುಟ್ಟುತ್ತಾರೆ. ನೀವು ವಾಪಸ್ ಬಂದು ಪಾಸ್‌ವರ್ಡ್ ಹೊಡೆಯುತ್ತೀರಿ. ಮಾರನೇ ದಿನ ಅವರು ಇನ್ನೊಮ್ಮೆ ಬಂದು ಬರೆದಿಟ್ಟ ಪಾಸ್‌ವರ್ಡ್ ಎತ್ತಿಕೊಂಡು ಹೋಗುತ್ತಾರೆ. ಹೆಸರು ಪಾಪದ ಕೆಲಸದವರ ಮೇಲೆ ಬಂದಿದ್ದು ನನಗೆ ಇಷ್ಟವಿಲ್ಲ, ಆದರೆ ಈಗ ಅದೇ ರೂಢಿಯಾಗಿದೆ.

ಹಾಗಾದರೆ ಸೆಕ್ಯೂರ್ ಬೂಟ್ ಏನು ಮಾಡುತ್ತಿತ್ತು? ಅದರ ಕೆಲಸವನ್ನು ಅದು ಸರಿಯಾಗೇ ಮಾಡುತ್ತಿತ್ತು. 2012ರಲ್ಲಿ ವಿಂಡೋಸ್ 8 ಜೊತೆ ಮನೆಮನೆಗೆ ಬಂದ ಈ ವ್ಯವಸ್ಥೆ ಒಂದು ಸರಪಳಿ. ಮದರ್‌ಬೋರ್ಡ್‌ನ ಫರ್ಮ್‌ವೇರ್, ಅಂದರೆ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಂ, ಒಳಗೆ ಕೆಲವು ಕೀಲಿಗಳಿರುತ್ತವೆ, ಹೆಚ್ಚಿನ ಯಂತ್ರಗಳಲ್ಲಿ ಮೈಕ್ರೋಸಾಫ್ಟ್‌ನದು. ಫರ್ಮ್‌ವೇರ್ ಮೊದಲು ಶಿಮ್ ಅನ್ನುವ ಚಿಕ್ಕ ಪ್ರೋಗ್ರಾಂನ ಸಹಿ (ಫೈಲು ತಿದ್ದಿದರೆ ತಾಳೆಯಾಗದ ಡಿಜಿಟಲ್ ಗುರುತು) ನೋಡುತ್ತದೆ. ಶಿಮ್, ಕರ್ನಲ್ ಎಬ್ಬಿಸುವ ಬೂಟ್ ಲೋಡರ್ ಆದ ಗ್ರಬ್‌ನ ಸಹಿ ನೋಡುತ್ತದೆ. ಗ್ರಬ್ ಕರ್ನಲ್‌ನದು. ಅಲ್ಲಿಗೆ ಸರಪಳಿ ನಿಂತುಬಿಡುತ್ತದೆ. ಇನಿಟ್‌ಆರ್‌ಡಿಯ ಸಹಿ ಯಾರೂ ನೋಡುವುದಿಲ್ಲ, ಯಾಕೆಂದರೆ ಅದಕ್ಕೆ ಸಹಿಯೇ ಇಲ್ಲ. ಅದು ಲಿನಕ್ಸ್ ತಯಾರಿಸಿ ಹಂಚುವ ಉಬುಂಟು ಅಥವಾ ಫೆಡೋರಾದವರ ಸರ್ವರ್‌ನಲ್ಲಿ ತಯಾರಾಗಿ ಬಂದದ್ದಲ್ಲ. ನಿಮ್ಮ ಯಂತ್ರದಲ್ಲೇ, ನಿಮ್ಮ ಹಾರ್ಡ್‌ವೇರ್‌ಗೆ ತಕ್ಕಂತೆ, ಪ್ರತಿ ಅಪ್‌ಡೇಟ್‌ನಲ್ಲೂ ಹೊಸದಾಗಿ ಕಟ್ಟಿದ್ದು. ಅವರು ನೋಡದ ಫೈಲಿಗೆ ಅವರು ಸಹಿ ಹಾಕುವುದು ಹೇಗೆ?

ಮೂರು ಬಾಗಿಲಿಗೆ ಕಾವಲಿಟ್ಟು ನಾಲ್ಕನೆಯದನ್ನು ಹಾರುಹೊಡೆದು ಬಿಟ್ಟ ಹಾಗೆ. ಅದರಲ್ಲೂ ನೀವು ಗುಟ್ಟು ಹೇಳುವುದು ನಾಲ್ಕನೇ ಬಾಗಿಲಲ್ಲಿ. 2025ರ ಜುಲೈನಲ್ಲಿ ಜರ್ಮನಿಯ ಇಆರ್‌ಎನ್‌ಡಬ್ಲ್ಯೂ ಸಂಸ್ಥೆಯವರು ಇದನ್ನು ಇನ್ನೂ ಸುಲಭ ಮಾಡಿ ತೋರಿಸಿದರು. ಹಲವು ಲಿನಕ್ಸ್‌ಗಳಲ್ಲಿ ಡಿಸ್ಕ್ ಪಾಸ್‌ವರ್ಡ್ ನಾಲ್ಕಾರು ಸಲ ತಪ್ಪಾಗಿ ಕೊಟ್ಟರೆ ರಿಪೇರಿಗೆಂದು ಒಂದು ಶೆಲ್, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆ, ತೆರೆದುಕೊಳ್ಳುತ್ತದೆ. ಅಲ್ಲಿಂದಲೇ ಗಂಟು ಬಿಚ್ಚಿ ಕಟ್ಟಬಹುದು.

ಬೂಟ್ ಆಗುವ ಹೊತ್ತಲ್ಲೇ ಕನ್ನ ಹಾಕುವುದು ಪಿಸಿಯಷ್ಟೇ ಹಳೆಯ ಚಾಳಿ. 1986ರಲ್ಲಿ ಲಾಹೋರ್‌ನಿಂದ ಹೊರಟ 'ಬ್ರೇನ್' ವೈರಸ್ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲೇ, ಅಂದರೆ ಯಂತ್ರ ಮೊದಲು ಓದುವ ಜಾಗದಲ್ಲೇ, ಕೂರುತ್ತಿತ್ತು. 1990ರಲ್ಲಿ ನಮ್ಮ ದೇಶದಲ್ಲೇ ಸಿಕ್ಕ 'ಜೋಶಿ' ವೈರಸ್ ಕೂಡ ಅಷ್ಟೇ. ಜನವರಿ 5 ಬಂದರೆ ಯಂತ್ರ ನಿಂತುಹೋಗಿ, 'ಹ್ಯಾಪಿ ಬರ್ತ್‌ಡೇ ಜೋಶಿ' ಅಂತ ಟೈಪ್ ಮಾಡಿದರೆ ಮಾತ್ರ ಮುಂದಕ್ಕೆ ಬಿಡುತ್ತಿತ್ತು. ಹಾರೈಸದೆ ವಿಧಿಯಿಲ್ಲ! ಈಗಿನವು ಇಷ್ಟು ಮುದ್ದಾಗಿಲ್ಲ.

ಮೊದಲು ಎದ್ದವನದೇ ರಾಜ್ಯಭಾರ ಅನ್ನುವುದು ಇಲ್ಲಿಯ ತರ್ಕ. ಆಂಟಿವೈರಸ್ ಎದ್ದೇಳುವ ಮೊದಲೇ ಕಳ್ಳ ಒಳಗೆ ಕೂತಿದ್ದರೆ, ಆಂಟಿವೈರಸ್ ಏನು ನೋಡಬೇಕು ಅನ್ನುವುದನ್ನು ಅವನೇ ತೀರ್ಮಾನಿಸುತ್ತಾನೆ. ವಿಂಡೋಸ್ ಹೊಸದಾಗಿ ಹಾಕಿದರೂ ಹೋಗದ ಹಾಗೆ ಫರ್ಮ್‌ವೇರ್‌ನಲ್ಲೇ ಬೇರು ಬಿಟ್ಟ ಲೋಜ್ಯಾಕ್ಸ್ ಅನ್ನುವ ಕಳ್ಳ ಪ್ರೋಗ್ರಾಂ ಅನ್ನು ಈಸೆಟ್ ಕಂಪನಿ 2018ರಲ್ಲಿ ಪತ್ತೆಹಚ್ಚಿತ್ತು. ಬ್ಲ್ಯಾಕ್‌ಲೋಟಸ್ ಅನ್ನುವ ಇನ್ನೊಂದರ ಕತೆ ಇನ್ನೂ ಪಾಠದಂತಿದೆ. 2022ರಿಂದ ಕಳ್ಳಸಂತೆಯಲ್ಲಿ 5,000 ಡಾಲರ್‌ಗೆ ಮಾರಾಟಕ್ಕಿದ್ದ ಇದು, ಸೆಕ್ಯೂರ್ ಬೂಟ್ ಆನ್ ಇದ್ದ ಪೂರ್ತಿ ಅಪ್‌ಡೇಟ್ ಆದ ವಿಂಡೋಸ್ 11ರೊಳಗೂ ನುಗ್ಗುತ್ತಿತ್ತು. ಹೇಗೆ? ವಿಂಡೋಸ್ ಎಬ್ಬಿಸುವ ಬೂಟ್ ಮ್ಯಾನೇಜರ್‌ನಲ್ಲಿ ಒಂದು ತೂತಿತ್ತು. ಮೈಕ್ರೋಸಾಫ್ಟ್ ಅದನ್ನು 2022ರ ಜನವರಿಯಲ್ಲೇ ಮುಚ್ಚಿತು. ಬ್ಲ್ಯಾಕ್‌ಲೋಟಸ್ ಏನು ಮಾಡಿತು ಗೊತ್ತಾ? ತೂತಿದ್ದ ಹಳೇ ಬೂಟ್ ಮ್ಯಾನೇಜರ್ ಅನ್ನು ತನ್ನ ಜೊತೆಗೇ ಹೊತ್ತು ತಂದಿತು. ಹಳೆಯದಾದರೇನು, ಸಹಿ ಅಸಲಿ. ಫರ್ಮ್‌ವೇರ್ ಸಹಿ ನೋಡಿ ಒಳಗೆ ಬಿಟ್ಟಿತು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಅನಿಸುವುದು ಇದೇ. ಸಹಿ ಹಾಕುವುದು ಸುಲಭ, ಹಾಕಿದ ಸಹಿ ವಾಪಸ್ ತೆಗೆದುಕೊಳ್ಳುವುದು ಕಷ್ಟ. ಅದಕ್ಕಾಗಿ ಫರ್ಮ್‌ವೇರ್‌ನಲ್ಲಿ ಡಿಬಿಎಕ್ಸ್ ಅನ್ನುವ ಕಪ್ಪುಪಟ್ಟಿ ಇದೆ. ಆದರೆ ಆ ಪಟ್ಟಿ ಬರೆಯಲು ಇರುವ ಜಾಗ ಎಷ್ಟು? ಬಹಳಷ್ಟು ಯಂತ್ರಗಳಲ್ಲಿ 32 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. 2020ರಲ್ಲಿ ಗ್ರಬ್‌ನಲ್ಲಿ 'ಬೂಟ್‌ಹೋಲ್' ಅನ್ನುವ ತೂತು ಸಿಕ್ಕಾಗ, ಆ ಒಂದು ಪ್ರಕರಣವೇ ಸುಮಾರು 10 ಕೆಬಿ ನುಂಗಿತು. ಇಂಥವು ಇನ್ನೆರಡು ಬಂದರೆ ಪುಸ್ತಕವೇ ಮುಗಿಯಿತು.

ಅದಕ್ಕೇ ಎಸ್‌ಬ್ಯಾಟ್ ಅಂತ ಒಂದು ಉಪಾಯ ಹುಡುಕಿದರು. ಪ್ರತಿ ಕೆಟ್ಟ ಫೈಲಿನ ಗುರುತು ಬರೆಯುವ ಬದಲು, 'ಗ್ರಬ್‌ನ ಇಷ್ಟನೇ ತಲೆಮಾರಿಗಿಂತ ಹಳೆಯದು ಯಾವುದೂ ಬೇಡ' ಅಂತ ಒಂದೇ ಸಾಲು. ಜಾಣತನದ ಕೆಲಸ. ಆದರೆ 2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಆ ಸಾಲನ್ನು ಅಪ್‌ಡೇಟ್ ಮೂಲಕ ಕಳಿಸಿದಾಗ, ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡಿದ್ದ ಎಷ್ಟೋ ಜನರ ಲಿನಕ್ಸ್ ಏಳಲೇ ಇಲ್ಲ. ಪರದೆ ಮೇಲೆ ಬಂದದ್ದು 'ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್'. ಅವತ್ತು ಬೇಸತ್ತು ಸೆಕ್ಯೂರ್ ಬೂಟ್ ಆಫ್ ಮಾಡಿದವರಲ್ಲಿ ಎಷ್ಟು ಜನ ಮತ್ತೆ ಆನ್ ಮಾಡಿರುತ್ತಾರೆ ಹೇಳಿ?

ಇನ್ನು ಕೀಲಿ ಇಟ್ಟುಕೊಂಡವರ ಕತೆ. ಫರ್ಮ್‌ವೇರ್ ತಯಾರಿಸುವ ಎಎಂಐ ಕಂಪನಿ ಬರೀ ಪರೀಕ್ಷೆಗೆಂದು ಒಂದು ಕೀಲಿ ಕೊಡುತ್ತಿತ್ತು. ಅದರ ಹೆಸರಲ್ಲೇ 'ಡು ನಾಟ್ ಟ್ರಸ್ಟ್' ಅಂತ ಬರೆದಿತ್ತು. ನಂಬಬೇಡಿ ಅಂತ ಹಣೆಯ ಮೇಲೇ ಬರೆದಿದ್ದರೂ ದೊಡ್ಡ ದೊಡ್ಡ ಕಂಪನಿಗಳು ಅದನ್ನು ಹಾಗೇ ಬಿಟ್ಟು ನೂರಾರು ಮಾದರಿಯ ಯಂತ್ರಗಳನ್ನು ಮಾರಿದವು. ಆ ಗುಪ್ತ ಕೀಲಿ ಒಂದು ದಿನ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಬಿದ್ದಿತ್ತು. ಅದನ್ನು ಕಾಯುತ್ತಿದ್ದದ್ದು ನಾಲ್ಕು ಅಕ್ಷರದ ಪಾಸ್‌ವರ್ಡ್. ಬೈನಾರ್ಲಿ ಸಂಸ್ಥೆ 2024ರ ಜುಲೈನಲ್ಲಿ 'ಪಿಕೆಫೇಲ್' ಹೆಸರಲ್ಲಿ ಇದನ್ನು ಬಯಲು ಮಾಡಿತು.

ಈಗ ಈ ಎಲ್ಲದರ ಮೇಲೆ 2026 ಬಂದಿದೆ. ಸಹಿ ಅಸಲಿಯೇ ಅಂತ ತಾಳೆ ನೋಡಲು ಮೈಕ್ರೋಸಾಫ್ಟ್ 2011ರಲ್ಲಿ ಮಾಡಿಟ್ಟ ಸೆಕ್ಯೂರ್ ಬೂಟ್ ಸರ್ಟಿಫಿಕೇಟ್‌ಗಳಿಗೆ ಹದಿನೈದು ವರ್ಷದ ಆಯಸ್ಸು. ಕಪ್ಪುಪಟ್ಟಿ ಬದಲಿಸುವ ಅಧಿಕಾರ ಕೊಡುವ ಸರ್ಟಿಫಿಕೇಟ್ ಮತ್ತು ಶಿಮ್‌ನಂಥ ಹೊರಗಿನವರ ಪ್ರೋಗ್ರಾಂಗೆ ಸಹಿ ಹಾಕುವ ಸರ್ಟಿಫಿಕೇಟ್, ಎರಡರ ಅವಧಿಯೂ 2026ರ ಜೂನ್‌ವರೆಗೆ. ವಿಂಡೋಸ್‌ನ ಸ್ವಂತ ಬೂಟ್ ಲೋಡರ್‌ನದು ಅದೇ ವರ್ಷದ ಅಕ್ಟೋಬರ್‌ವರೆಗೆ. ಬದಲಿಗೆ 2023ರ ಹೊಸ ಸರ್ಟಿಫಿಕೇಟ್‌ಗಳು ಬಂದಿವೆ. ಇದನ್ನು ಕೇಳಿ 'ಜೂನ್ ಆದಮೇಲೆ ಲ್ಯಾಪ್‌ಟಾಪ್ ಆನೇ ಆಗಲ್ವಂತೆ' ಅಂತ ನನಗೂ ವಾಟ್ಸಾಪ್ ಬಂತು. ಹಾಗೇನೂ ಇಲ್ಲ. ಫರ್ಮ್‌ವೇರ್ ಸಾಮಾನ್ಯವಾಗಿ ತಾರೀಕು ನೋಡುವುದಿಲ್ಲ, ಸಹಿ ಮಾತ್ರ ನೋಡುತ್ತದೆ. ಇವತ್ತು ಏಳುವ ಯಂತ್ರ ಆಮೇಲೂ ಏಳುತ್ತದೆ. ನಿಲ್ಲುವುದು ಬೇರೆ: ಹೊಸ ಸರ್ಟಿಫಿಕೇಟ್ ಹೋಗದ ಯಂತ್ರಕ್ಕೆ ಕಪ್ಪುಪಟ್ಟಿಯ ಹೊಸ ಸಾಲುಗಳು ಸೇರುವುದಿಲ್ಲ, ಹೊಸ ಬೂಟ್ ಲೋಡರ್‌ನ ಸಹಿ ಅದಕ್ಕೆ ಗುರುತು ಸಿಗುವುದಿಲ್ಲ. ಬೀಗ ಹಾಗೇ ಇರುತ್ತದೆ, ಯಾವ ಕಳ್ಳಕೀಲಿಗಳು ಹೊರಗಿವೆ ಅನ್ನುವ ಸುದ್ದಿ ಮಾತ್ರ ಅದಕ್ಕೆ ತಲುಪುವುದಿಲ್ಲ. ವಿಂಡೋಸ್ ಅಪ್‌ಡೇಟ್ ಸರಿಯಾಗಿ ತೆಗೆದುಕೊಳ್ಳುವ ಹೊಸ ಯಂತ್ರಗಳಿಗೆ ಇದು ತಾನಾಗೇ ಬರುವಂತೆ ಮಾಡಿದ್ದಾರೆ. ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯೂಅಪ್‌ಡಿ ಮೂಲಕ ಬರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವಂಥ, ಎಂಟು-ಹತ್ತು ವರ್ಷದ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್‌ಗಳ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಅಂಥವಕ್ಕೆ ತಯಾರಕರು ಫರ್ಮ್‌ವೇರ್ ಅಪ್‌ಡೇಟ್ ಕೊಡುವುದನ್ನು ಎಂದೋ ನಿಲ್ಲಿಸಿರುತ್ತಾರೆ.

ಸರಿ, ನಾಲ್ಕನೇ ಬಾಗಿಲಿಗೆ ವಾಪಸ್ ಬರೋಣ. ಅದಕ್ಕೆ ಮದ್ದು ಇದೆ. ಕರ್ನಲ್, ಇನಿಟ್‌ಆರ್‌ಡಿ ಮತ್ತು ಕರ್ನಲ್‌ಗೆ ಕೊಡುವ ಸೂಚನೆಯ ಸಾಲು, ಮೂರನ್ನೂ ಒಂದೇ ಫೈಲಾಗಿ ಹೊಲಿದು ಇಡೀ ಫೈಲಿಗೆ ಸಹಿ ಹಾಕುವುದು. ಇದನ್ನು ಯೂನಿಫೈಡ್ ಕರ್ನಲ್ ಇಮೇಜ್ ಅನ್ನುತ್ತಾರೆ, ಚಿಕ್ಕದಾಗಿ ಯುಕೆಐ. ಲಿನಕ್ಸ್ ಏಳುವಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಂಡಿ ಬರೆದ ಲೆನಾರ್ಟ್ ಪೋಟರಿಂಗ್ ಕೆಲವು ವರ್ಷದಿಂದ ಇದರ ಬೆನ್ನು ಬಿದ್ದಿದ್ದಾರೆ. ಅವರನ್ನು ಕಂಡರಾಗದ ಲಿನಕ್ಸ್ ಬಳಗ ದೊಡ್ಡದೇ ಇದೆ, ಆದರೆ ಈ ವಿಷಯದಲ್ಲಿ ಅವರ ಮಾತು ನನಗೆ ಸರಿ ಕಾಣುತ್ತದೆ. ಯುಕೆಐನಲ್ಲಿ ನನ್ನ 'ನಮಸ್ಕಾರ' ಸೇರಿಸಿದ್ದರೆ ಸಹಿ ಮುರಿದು ಯಂತ್ರ ಅಲ್ಲೇ ನಿಲ್ಲುತ್ತಿತ್ತು.

ಅಲ್ಲಿಂದ ಮುಂದೆ ಸಿಸ್ಟಂ ಪಾರ್ಟಿಷನ್. ಇಲ್ಲಿ ಜನ ಎರಡು ವಿಷಯ ಕಲಸಿಬಿಡುತ್ತಾರೆ. ಬೀಗ ಬೇರೆ, ಸೀಲ್ ಬೇರೆ. ಮನೆಯ ಕರೆಂಟ್ ಮೀಟರ್ ನೋಡಿ. ಅದರ ರೀಡಿಂಗ್ ಗುಟ್ಟೇನಲ್ಲ, ಗಾಜಿನಾಚೆ ಎಲ್ಲರಿಗೂ ಕಾಣುತ್ತದೆ. ಆದರೆ ಒಳಗೆ ಯಾರೂ ಕೈ ಹಾಕಬಾರದು. ಅದಕ್ಕೆ ಸೀಲ್. ಮನೆಯ ಬೀರುವಿನಲ್ಲಿರುವ ಒಡವೆ ಹಾಗಲ್ಲ, ಅದು ಯಾರಿಗೂ ಕಾಣಲೇಬಾರದು. ಅದಕ್ಕೆ ಬೀಗ. ಆಪರೇಟಿಂಗ್ ಸಿಸ್ಟಂನ ಫೈಲುಗಳು ಮೀಟರ್ ಇದ್ದ ಹಾಗೆ. ಉಬುಂಟು ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು, ಮುಚ್ಚಿಡಲು ಅದರಲ್ಲಿ ಏನಿದೆ? ತಿದ್ದಿಲ್ಲ ಅನ್ನುವುದು ಗೊತ್ತಾದರೆ ಸಾಕು. ನಿಮ್ಮ ಫೋಟೋ, ದಾಖಲೆ, ಬ್ಯಾಂಕ್ ಕಾಗದ ಒಡವೆ. ನಾವು ಮಾಡುತ್ತಿರುವುದು ಎಲ್ಲಕ್ಕೂ ಬೀಗ ಹಾಕಿ, ಸೀಲ್ ಮರೆಯುವುದು. ಸಾಮಾನ್ಯ ಡಿಸ್ಕ್ ಎನ್‌ಕ್ರಿಪ್ಷನ್‌ನಲ್ಲಿ ಯಾರಾದರೂ ಒಂದು ಬ್ಲಾಕ್, ಅಂದರೆ ಡಿಸ್ಕ್‌ನ ಒಂದು ತುಂಡು, ಕೆಡಿಸಿದರೆ ಓದುವಾಗ ಕಸ ಬರುತ್ತದೆ ಅಷ್ಟೇ. 'ಇದನ್ನು ಯಾರೋ ಮುಟ್ಟಿದ್ದಾರೆ' ಅಂತ ಅದು ಹೇಳುವುದಿಲ್ಲ.

ಸೀಲ್ ಹಾಕುವ ಕೆಲಸಕ್ಕೆ ಲಿನಕ್ಸ್‌ನಲ್ಲಿ ಡಿಎಂ-ವೆರಿಟಿ ಇದೆ. ಲೆಕ್ಕ ತುಂಬಾ ಚೆಂದ, ಸ್ವಲ್ಪ ಕೂತು ಮಾಡೋಣ. 4 ಜಿಬಿಯ ಸಿಸ್ಟಂ ಪಾರ್ಟಿಷನ್ ತೆಗೆದುಕೊಳ್ಳಿ. ಅದನ್ನು 4 ಕೆಬಿಯ ತುಂಡು ಮಾಡಿದರೆ 10,48,576 ಬ್ಲಾಕ್. ಪ್ರತಿ ಬ್ಲಾಕ್‌ಗೂ ಒಂದು ಹ್ಯಾಶ್, ಅಂದರೆ ಬೆರಳಚ್ಚು, 32 ಬೈಟ್‌ನದು. ಒಂದು 4 ಕೆಬಿ ಬ್ಲಾಕ್‌ನಲ್ಲಿ ಇಂಥ 128 ಬೆರಳಚ್ಚು ಹಿಡಿಸುತ್ತವೆ. ಹಾಗಾಗಿ ಎಲ್ಲ ಬೆರಳಚ್ಚು ಬರೆಯಲು 8,192 ಬ್ಲಾಕ್ ಬೇಕು. ಈಗ ಆ 8,192ರ ಬೆರಳಚ್ಚು ತೆಗೆಯಿರಿ, 64 ಬ್ಲಾಕ್‌ನಲ್ಲಿ ಮುಗಿಯುತ್ತದೆ. ಆ 64ರದು ಒಂದೇ ಬ್ಲಾಕ್. ಆ ಒಂದರ ಬೆರಳಚ್ಚು 32 ಬೈಟ್. ಇಡೀ 4 ಜಿಬಿಯ ಜುಟ್ಟು ಈ 32 ಬೈಟ್‌ನ ಕೈಯಲ್ಲಿದೆ. ಅದನ್ನು ಸಹಿ ಹಾಕಿದ ಯುಕೆಐ ಒಳಗೆ ಸೇರಿಸಿಬಿಟ್ಟರೆ ಸರಪಳಿ ಫರ್ಮ್‌ವೇರ್‌ನಿಂದ ಕೊನೆಯ ಫೈಲಿನವರೆಗೂ ಹೋಯಿತು. ಹೆಚ್ಚುವರಿ ಜಾಗ ಸುಮಾರು 32 ಎಂಬಿ, ನೂರಕ್ಕೆ ಒಂದು ಪಾಲೂ ಇಲ್ಲ. ಬೂಟ್ ಆಗುವಾಗ 4 ಜಿಬಿ ಪೂರ್ತಿ ಓದಿ ನೋಡಬೇಕಾಗಿಲ್ಲ. ಯಾವ ಬ್ಲಾಕ್ ಬೇಕೋ ಅದನ್ನು ಓದುವಾಗ ಅದರ ಮೇಲಿನ ನಾಲ್ಕು ಬೆರಳಚ್ಚು ತಾಳೆ ನೋಡಿದರೆ ಸಾಕು. ಒಂದು ಬಿಟ್ ಬದಲಾಗಿದ್ದರೂ ಆ ಬ್ಲಾಕ್ ಓದಲು ಬರುವುದಿಲ್ಲ.

ಇದರ ಬೆಲೆ ಏನು? ಆ ಪಾರ್ಟಿಷನ್‌ಗೆ ಏನೂ ಬರೆಯುವಂತಿಲ್ಲ. ನೀವೂ ಕೂಡ. ಒಂದು ಪ್ಯಾಕೇಜ್, ಅಂದರೆ ಹೊಸ ಪ್ರೋಗ್ರಾಂ, ಇನ್‌ಸ್ಟಾಲ್ ಮಾಡುವುದೂ ತಿದ್ದುವುದೇ ತಾನೆ? ಅದಕ್ಕೇ ಅಪ್‌ಡೇಟ್ ಬಂದಾಗ ಇಡೀ ಸಿಸ್ಟಂ ಪ್ರತಿಯನ್ನೇ ಬದಲಿಸುತ್ತಾರೆ. ಪಕ್ಕದಲ್ಲಿ ಇನ್ನೊಂದು ಪಾರ್ಟಿಷನ್ ಇಟ್ಟು, ಹೊಸದನ್ನು ಅದರಲ್ಲಿ ಇಳಿಸಿ, ರೀಸ್ಟಾರ್ಟ್‌ನಲ್ಲಿ ಅತ್ತ ದಾಟುವುದು. ಕ್ರೋಮ್‌ಬುಕ್ ಮೊದಲಿಂದ ಹೀಗೇ. ಆಪಲ್ 2020ರ ಬಿಗ್ ಸರ್‌ನಲ್ಲಿ ಸಿಸ್ಟಂ ವಾಲ್ಯೂಮ್‌ಗೆ ಇಂಥದ್ದೇ ಸೀಲ್ ಹಾಕಿತು. ಇನ್ನು ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್: 4.4ರಲ್ಲಿ, ಅಂದರೆ 2013ರಲ್ಲಿ, ಡಿಎಂ-ವೆರಿಟಿ ಬಂತು. 2016ರ 7.0ರಿಂದ ಕಟ್ಟುನಿಟ್ಟಾಯಿತು. ಹನ್ನೆರಡು ಸಾವಿರದ ಫೋನು ಮಾಡುವ ಕೆಲಸವನ್ನು ಎಂಬತ್ತು ಸಾವಿರದ ಲಿನಕ್ಸ್ ಲ್ಯಾಪ್‌ಟಾಪ್ ಇವತ್ತಿಗೂ ಮಾಡುತ್ತಿಲ್ಲ.

ಮಾಡುತ್ತಿಲ್ಲ ಅನ್ನುವುದಕ್ಕೆ ಸೋಮಾರಿತನ ಮಾತ್ರ ಕಾರಣವಲ್ಲ. ಫೋನಿನ ಸೀಲ್ ಯಾರ ಕೈಯಲ್ಲಿದೆ? ಕಂಪನಿಯದು. ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಡೇಟಾ ಅಳಿಸಿಹೋಗುತ್ತದೆ, ಪ್ರತಿ ಸಲ ಎಚ್ಚರಿಕೆ ಪರದೆ ಬರುತ್ತದೆ, ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಮುನಿಸಿಕೊಳ್ಳುತ್ತವೆ. ಲಿನಕ್ಸ್ ಬಳಸುವವರಿಗೆ ಈ ಭಯ 2012ರಿಂದಲೂ ಇದೆ: ಇವತ್ತು ಕಳ್ಳನನ್ನು ಹೊರಗಿಡುವ ಬಾಗಿಲು ನಾಳೆ ಮಾಲೀಕನನ್ನೇ ಹೊರಗಿಟ್ಟರೆ? ನನ್ನ ಪ್ರಕಾರ ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ಹೆಚ್ಚಿನ ಪಿಸಿಗಳಲ್ಲಿ ಫರ್ಮ್‌ವೇರ್ ಒಳಗೆ ನಿಮ್ಮದೇ ಕೀಲಿ ಸೇರಿಸಬಹುದು, ಎಸ್‌ಬಿಸಿಟಿಎಲ್ ಅನ್ನುವ ಪ್ರೋಗ್ರಾಂ ಅದನ್ನು ಸುಲಭ ಮಾಡಿದೆ. ಪಿಕ್ಸೆಲ್ ಫೋನಿನಲ್ಲೂ ಬೇರೆ ಓಎಸ್ ಹಾಕಿ ಅದರದೇ ಕೀಲಿಯಿಂದ ಮತ್ತೆ ಲಾಕ್ ಮಾಡಬಹುದು. ಜಗಳ ಬೀಗದ ಜೊತೆ ಅಲ್ಲ, ಕೀಲಿ ಗೊಂಚಲಿನ ಜೊತೆ.

ಈ ಎಲ್ಲ ತಪಾಸಣೆಗೆ ಒಬ್ಬ ಸಾಕ್ಷಿ ಬೇಕು. ಆ ಸಾಕ್ಷಿ ಟಿಪಿಎಂ ಚಿಪ್. ವಿಂಡೋಸ್ 11 ಹಾಕಲು ಬೇಕೇ ಬೇಕು ಅಂದಾಗ ಎಲ್ಲರ ಬಾಯಲ್ಲಿ ಬಂತಲ್ಲ, ಅದೇ. ಬೂಟ್ ಆಗುವಾಗ ಪ್ರತಿ ಹಂತವೂ ಮುಂದಿನದರ ಬೆರಳಚ್ಚನ್ನು ಟಿಪಿಎಂಗೆ ಒಪ್ಪಿಸುತ್ತದೆ. ಟಿಪಿಎಂ ಅದನ್ನು ಹಳೆಯ ಮೊತ್ತದ ಜೊತೆ ಕಲಸಿ ಹೊಸ ಮೊತ್ತ ಮಾಡಿಕೊಳ್ಳುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ, ಹಾಕಬಹುದು, ತೆಗೆಯಲಾಗುವುದಿಲ್ಲ. ಡಿಸ್ಕ್‌ನ ಕೀಲಿಯನ್ನು ಟಿಪಿಎಂ ಕೈಗೆ ಕೊಟ್ಟು 'ರುಚಿ ಇವತ್ತಿನ ಹಾಗೇ ಇದ್ದರೆ ಮಾತ್ರ ಕೊಡು' ಅನ್ನಬಹುದು. ಯಾರಾದರೂ ನಡುವೆ ಏನಾದರೂ ಬದಲಿಸಿದ್ದರೆ ಟಿಪಿಎಂ ಕೀಲಿ ಕೊಡುವುದೇ ಇಲ್ಲ.

ಇದೂ ಪೂರ್ತಿ ಗಟ್ಟಿಯಲ್ಲ. 2024ರ ಫೆಬ್ರವರಿಯಲ್ಲಿ ಒಬ್ಬ ಸಂಶೋಧಕ 10 ಡಾಲರ್‌ಗಿಂತ ಕಮ್ಮಿ ಖರ್ಚಿನ ರಾಸ್‌ಬೆರಿ ಪೈ ಪೀಕೋ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡ್ ಹಿಡಿದು, ಹಳೆಯ ಲ್ಯಾಪ್‌ಟಾಪ್ ಒಂದರ ಟಿಪಿಎಂ ಮತ್ತು ಸಿಪಿಯು ನಡುವಿನ ತಂತಿಯಲ್ಲಿ ಹೋಗುತ್ತಿದ್ದ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಕೀಲಿಯನ್ನು 43 ಸೆಕೆಂಡ್‌ನಲ್ಲಿ ಕದ್ದು ತೋರಿಸಿದ. ಸಾಕ್ಷಿ ನಿಜ ಹೇಳಿದ, ಆದರೆ ಜೋರಾಗಿ ಹೇಳಿದ. ಟಿಪಿಎಂ ಜೊತೆ ಒಂದು ಪಿನ್ ಕೂಡ ಇಟ್ಟರೆ, ಪಿನ್ ಗೊತ್ತಿಲ್ಲದ ಕಳ್ಳನಿಂದ ಈ ಕದ್ದಾಲಿಕೆ ನಡೆಯುವುದಿಲ್ಲ. ಬಿಟ್‌ಲಾಕರ್‌ನಲ್ಲೂ ಆ ಆಯ್ಕೆ ಇದೆ, ಬಳಸುವವರು ಕಮ್ಮಿ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ನಿಮ್ಮಂಥವರ ಲ್ಯಾಪ್‌ಟಾಪ್‌ಗೆ ಹೋಟೆಲ್ ರೂಮಿನ ಗೂಢಚಾರ ಬರುವುದು ಅಪರೂಪ. ಜಾಸ್ತಿ ನಡೆಯುವುದು ನನ್ನ ಚಿಕ್ಕಪ್ಪನ ಮಗಳಿಗೆ ಆದದ್ದು. ಬಯೋಸ್, ಅಂದರೆ ಫರ್ಮ್‌ವೇರ್, ಅಪ್‌ಡೇಟ್ ಆಯಿತು, ರೀಸ್ಟಾರ್ಟ್ ಆಯಿತು, ನೀಲಿ ಪರದೆ 48 ಅಂಕಿಯ ರಿಕವರಿ ಕೀ ಕೇಳಿತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಈಗಿನ ವಿಂಡೋಸ್ 11 ಎಷ್ಟೋ ಯಂತ್ರಗಳಲ್ಲಿ ತಾನಾಗೇ ಮಾಡಿಬಿಡುತ್ತದೆ. ಆ ಕೀ ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಕೂರುತ್ತದೆ. ಯಾವ ಅಕೌಂಟ್? ಲ್ಯಾಪ್‌ಟಾಪ್ ಕೊಟ್ಟ ಅಂಗಡಿಯ ಹುಡುಗ 'ನಾನೇ ಸೆಟಪ್ ಮಾಡಿಕೊಡ್ತೀನಿ ಮೇಡಂ' ಅಂತ ಅವತ್ತು ಯಾವುದೋ ಇಮೇಲ್ ಹಾಕಿದ್ದ. ಅವನು ಕೆಲಸ ಬಿಟ್ಟು ಹೋಗಿದ್ದ. ಎರಡು ವರ್ಷದ ಪಿಎಚ್‌ಡಿ ಟಿಪ್ಪಣಿಗಳಲ್ಲಿ ಅರ್ಧ ಮಾತ್ರ ಇಮೇಲ್‌ಗಳಲ್ಲಿ ವಾಪಸ್ ಸಿಕ್ಕಿತು.

ನನ್ನ ಲ್ಯಾಪ್‌ಟಾಪ್‌ಗೆ ಈಗ ಸ್ವಂತ ಕೀಲಿ ಹಾಕಿ, ಯುಕೆಐ ಮಾಡಿ, ಟಿಪಿಎಂ ಜೊತೆ ಪಿನ್ ಇಟ್ಟಿದ್ದೇನೆ. ಸಿಸ್ಟಂ ಪಾರ್ಟಿಷನ್‌ಗೆ ಸೀಲ್ ಹಾಕಿಲ್ಲ, ವಾರಕ್ಕೆ ಎರಡು ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಚಟ ಬಿಟ್ಟಿಲ್ಲವಲ್ಲ. ಮೂರು ವಾರ ಎಲ್ಲ ಸುಗಮ. ಒಂದು ಬೆಳಿಗ್ಗೆ ಪಿನ್ ಕೊಟ್ಟರೂ ಡಿಸ್ಕ್ ತೆರೆಯಲಿಲ್ಲ. ಎದೆ ಧಸಕ್ ಅಂತು. ಆಮೇಲೆ ನೆನಪಾಯಿತು: ಹಿಂದಿನ ರಾತ್ರಿ ಕಪ್ಪುಪಟ್ಟಿಯ ಅಪ್‌ಡೇಟ್ ಬಂದಿತ್ತು, ನಾನೇ ಒಪ್ಪಿಗೆ ಒತ್ತಿದ್ದೆ. ಪಟ್ಟಿ ಬದಲಾಯಿತು, ಟಿಪಿಎಂನ ಮೊತ್ತ ಬದಲಾಯಿತು. ತಿದ್ದಿದ್ದು ಕಳ್ಳನೋ ಅಪ್‌ಡೇಟೋ ಅಂತ ಆ ಚಿಪ್‌ಗೆ ಗೊತ್ತಾಗುವುದಿಲ್ಲ. ಬೀರು ತೆಗೆದು, ಮನೆಪತ್ರದ ಫೈಲಿನಲ್ಲಿಟ್ಟಿದ್ದ ರಿಕವರಿ ಕೀ ಚೀಟಿ ತಂದೆ. ಎಂಟೆಂಟು ಅಕ್ಷರದ ಎಂಟು ಗುಂಪು, ಒಟ್ಟು 64 ಅಕ್ಷರ. ಹೆಂಡತಿ ಓದಿ ಹೇಳಿದಳು, ನಾನು ಒತ್ತಿದೆ. ಎರಡನೇ ಸಲಕ್ಕೆ ತೆರೆಯಿತು.